ಅವ್ವನಿಗೆ ಸುಖ ತಂದ ಕೊಟ್ರ

ನಗೋರು ಒಂಚೂರು ಹಿಂದೆ ಸರೀರಿ, ನಗು ಮರೆತೋರು ಮುಂದೆ ಬಂದು ಕೂಡ್ರಿ. ಇದು ಕೊಟ್ರನ ಕತೆ.

ಕೊಟ್ರ ಎತ್ತಿನಂಥ ಆಳು, ಬುದ್ಧಿ ಮಾತ್ರ ಕರುವಿನದು. ಅವನವ್ವ ಹಾಲವ್ವ ಗಂಡ ಸತ್ತಾಗಿನಿಂದ ನಕ್ಕವಳಲ್ಲ. ಒಂದು ಬೆಳಿಗ್ಗೆ ರೊಟ್ಟಿ ಬಡಿಯುತ್ತಾ ನಿಟ್ಟುಸಿರು ಬಿಟ್ಟಳು. "ನನ್ನ ಹಣ್ಯಾಗ ಸುಖ ಬರೆದಿಲ್ಲ ಬಿಡಪ್ಪ."

"ನಾ ತರ್ತೀನಿ ಯವ್ವಾ! ಎಲ್ಲೈತಿ ಹೇಳು!"

"ಎಲ್ಲಿಂದ ತರ್ತೀಯೋ? ದಿನಾ ಮಾಡೋ ಕೆಲಸದಾಗೇ ಅಡಗಿರ್ತೈತಂತ. ಮೊದಲು ಅಂಗಳ ಗುಡಿಸು, ಹೋಗು!"

ಕೊಟ್ರ ಗುಡಿಸಿದ. ಸುಖ ಕಾಣಲಿಲ್ಲ. ಹಂಗಾದ್ರೆ ಪೊರಕೆಯೊಳಗೇ ಅಡಗೈತಿ ಅಂದುಕೊಂಡ. ಪೊರಕೆ ಬಿಚ್ಚಿದ, ಕಡ್ಡಿ ಕಡ್ಡಿ ಸೀಳಿ ಸೀಳಿ ನೋಡಿದ. ಗಾಳಿ ಬಂತು, ಅಂಗಳದ ತುಂಬ ಕಡ್ಡಿಯೋ ಕಡ್ಡಿ!

"ಅಯ್ಯೋ ಮಂಕೇ!" ಅವ್ವ ಹಣೆ ಬಡಿದುಕೊಂಡಳು. "ಹುಡುಕಿದ್ರೆ ಸಿಗಂಗಿಲ್ಲೋ! ಕೈಯಾಗ ಇದ್ದದ್ದನ್ನ ನಾಕು ಮಂದಿಗೆ ಹಂಚಬೇಕು!"

"ಇಷ್ಟೇನಾ? ಹಂಚ್ತೀನಿ!"

ಮರುದಿನ ಅವನ ಕೈಯಲ್ಲಿ ಇದ್ದದ್ದು ಸಗಣಿ ಪುಟ್ಟಿ. ಹಂಚಿದ! ಕಟ್ಟೆ ಮೇಲೆ ಕೂತವರಿಗೆಲ್ಲ ಒಂದೊಂದು ಹಿಡಿ. ಬೀಗರ ಊರಿಗೆ ಹೊರಟಿದ್ದ ಗೌಡರ ಬಿಳಿ ಅಂಗಿಗೆ ಎರಡು ಹಿಡಿ. "ತಗೋರಿ ಗೌಡ್ರೇ, ದೊಡ್ಡೋರು ನೀವು, ನಿಮಗೆ ಜಾಸ್ತಿ!" ಗೌಡರು ಚಪ್ಪಲಿ ಹಿಡಿದು ಓಣಿಯುದ್ದಕ್ಕೂ ಅಟ್ಟಿಸಿಕೊಂಡು ಬಂದರು.

"ಸಗಣಿ ಯಾರಾದ್ರೂ ಹಂಚ್ತಾರೇನೋ!" ಅವ್ವ ಅತ್ತೇಬಿಟ್ಟಳು. "ಹಂಚೋದು ಬ್ಯಾಡ ಮಾರಾಯ! ಹೊರೆ ಹೊತ್ತೋರು ಕಂಡ್ರೆ ಹೊರೆ ಹಗುರ ಮಾಡು, ಸಾಕು!"

ಗೌಡರ ಚಪ್ಪಲಿ ಏಟಿಗೆ ಬೆನ್ನು ನೋಯುತ್ತಿತ್ತು, ಆದರೂ ಕೊಟ್ರ ಬಿಡಲಿಲ್ಲ. ಅವ್ವ ಅತ್ತಳಲ್ಲ, ಇನ್ನು ಸುಖ ತಂದೇ ತೀರಬೇಕು! ದಾರಿಯಲ್ಲಿ ಮೊಸರು ಮಾರುವ ಸಣ್ಣೀರಮ್ಮ ಗಡಿಗೆ ಹೊತ್ತು ಬರುತ್ತಿದ್ದಳು.

"ಅತ್ತೇ, ಭಾರ ಐತೇನು?"

"ಹೂನಪ್ಪ, ಕುತ್ತಿಗೆ ಮುರೀತೈತಿ."

ಗಡಿಗೆ ಇಳಿಸಿಕೊಂಡ, ತನ್ನ ಮುಖಕ್ಕೂ ಸಿಡಿಯುವಂತೆ ಮೊಸರನ್ನೆಲ್ಲ ನೆಲಕ್ಕೆ ಸುರಿದ, ಖಾಲಿ ಗಡಿಗೆ ಅವಳ ತಲೆ ಮೇಲಿಟ್ಟ. "ಈಗ ಹೆಂಗೈತಿ ಅತ್ತೆ? ಹಗುರ ಆತಲ್ಲ?"

ಸಣ್ಣೀರಮ್ಮ ಅವನ ಕಿವಿ ಹಿಡಿದು ಮನೆಗೆ ಎಳೆದು ತಂದಳು. ಮೊಸರಿನ ಕತೆ ಹೇಳಿದಳು, ಗೌಡರ ಅಂಗಿಯ ಕತೆಯನ್ನೂ ಸೇರಿಸಿದಳು. ಬೈಯುತ್ತಾ ಬೈಯುತ್ತಾ ಅವನ ಮುಖ ನೋಡಿದಳು. ಹುಬ್ಬಿನಿಂದ ಮೀಸೆವರೆಗೂ ಮೊಸರು! ಬೈಗುಳ ಬಾಯಲ್ಲೇ ನಿಂತು ಕಿಸಕ್ಕನೆ ನಗು ಬಂತು. ಹಾಲವ್ವನೂ ನೋಡಿದಳು. ತುಟಿ ಕಚ್ಚಿದಳು, ಸೆರಗು ಬಾಯಿಗಿಟ್ಟಳು, ತಡೆಯಲಾಗಲಿಲ್ಲ. ಹೊಟ್ಟೆ ಹಿಡಿದುಕೊಂಡು ನಕ್ಕಳು!

"ಬಂತೋ ಕೊಟ್ರಾ, ಎಷ್ಟು ವರ್ಷಕ್ಕ ಸುಖ ಮನಿಗೆ ಬಂತೋ! ಇನ್ನು ಇದು ಹೊರಗ ಹೋಗಬಾರದು ನೋಡಪ್ಪ!"

"ಹೋಗಬಾರದಾ? ಹೆಂಗ ಹೋಗ್ತೈತಿ ನೋಡ್ತೀನಿ!"

ಹೊರಗೆ ಜಿಗಿದ, ಬಾಗಿಲೆಳೆದು ಚಿಲಕ ಹಾಕಿದ. ಕಿಟಕಿಗೆ ಕಂಬಳಿ ತುರುಕಿದ. ಅಷ್ಟರಲ್ಲಿ ಮಾಳಿಗೆಯ ಮೇಲೆ ಬೆಳಕಿಗೆಂದು ಬಿಟ್ಟ ಗವಾಕ್ಷಿಯಿಂದ ನಗು ಕೇಳಿಸಿತು. ಅಯ್ಯೋ, ಸೋರುತೈತಿ! ಏಣಿ ಹತ್ತಿದ, ಗವಾಕ್ಷಿ ಮೇಲೆ ಗಟ್ಟಿಯಾಗಿ ಕುಂಡೆಯೂರಿ ಕೂತ. ಒಳಗೆಲ್ಲ ಗವ್ವನೆ ಕತ್ತಲು.

"ಏಳೋ ಮ್ಯಾಲೆ!" ಅವ್ವ ಕೂಗಿದಳು.

"ನನ್ನ ಎಮ್ಮೆ ಹಾಲು ಕರೀಬೇಕೋ, ಬಿಡೋ!" ಸಣ್ಣೀರಮ್ಮ ಕೂಗಿದಳು. ಕೂಗಿದಷ್ಟೂ ನಗು, ನಕ್ಕಷ್ಟೂ ಕೂಗು.

ಓಣಿ ಮಂದಿ ಸೇರಿ ಕೇಳಿದರು, "ಅಲ್ಲೇನ್ ಮಾಡ್ತೀಯೋ ಕೊಟ್ರ?"

"ಶ್! ಸುಖ ಒಳಗೈತಿ," ಅಂದ ಕೊಟ್ರ, ಇನ್ನಷ್ಟು ಬಿಗಿಯಾಗಿ ಕೂತು. "ಕೆಳಗ ಕಚಗುಳಿ ಇಟ್ಟಂಗ ಆಗ್ತೈತಿ, ಆದ್ರೂ ಏಳಂಗಿಲ್ಲ!"