ಬನ್ನಿ ಅಂದದ್ದಕ್ಕೆ ಬಂದ ದಂಡು

ಯಾವುದೋ ಒಂದು ಕಾಲದಲ್ಲಿ ಬೆಟ್ಟದ ಆಚೆಗೊಂದು, ಈಚೆಗೊಂದು ರಾಜ್ಯವಿತ್ತಂತೆ. ಆಚೆಯದು ಹುಲಿಗುಡ್ಡ, ಈಚೆಯದು ತಿಳಿಗೆರೆ. ಹುಲಿಗುಡ್ಡದ ರಾಜ ಮಾರನಾಯಕನಿಗೆ ಆನೆ ಇತ್ತು, ಕುದುರೆ ಇತ್ತು, ದಂಡಿತ್ತು. ನೀರು ಮಾತ್ರ ಸವಳು. ಎಷ್ಟು ಸೌದೆ ಉರಿಸಿದರೂ ಅರಮನೆಯಲ್ಲಿ ಬೇಳೆ ಬೇಯುತ್ತಿರಲಿಲ್ಲವಂತೆ.

ಒಮ್ಮೆ ಅವನು ತಿಳಿಗೆರೆಯ ರಾಜನ ಮಗಳ ಮದುವೆಗೆ ಹೋದ. ಅಲ್ಲಿಯ ಕೆರೆ ನೀರಲ್ಲಿ ಬೆಂದ ತೊವ್ವೆ ಬೆಣ್ಣೆಯ ಹಾಗಿತ್ತು. ಉಂಡ, ಮತ್ತೆ ಬಡಿಸಿಕೊಂಡು ಉಂಡ. ಹೊರಡುವಾಗ ಎಲ್ಲರೂ ಅನ್ನುವ ಹಾಗೆ "ಬರ್ತೀನಿ" ಅಂದ. ತಿಳಿಗೆರೆಯ ಮುದಿ ರಾಜನೂ ಎಲ್ಲರೂ ಅನ್ನುವ ಹಾಗೆ "ಬನ್ನಿ" ಅಂದ.

ಬಂದ. ಇದ್ದಬದ್ದ ದಂಡನ್ನೆಲ್ಲ ಕಟ್ಟಿಕೊಂಡೇ ಬಂದ. ಕೆರೆ ಏರಿಯ ಮೇಲೆ ಡೇರೆ ಹಾಕಿಸಿದ. ಆನೆಗಳನ್ನು ಏರಿಯ ಕೆಳಗೆ ಹೊನ್ನೀರಮ್ಮ ಅನ್ನುವವಳ ಬದನೆ ತೋಟದಲ್ಲಿ ಕಟ್ಟಿಸಿದ. ಬರೀ ಕಲ್ಲಾಗಿದ್ದ ಆ ನೆಲವನ್ನು ಆಕೆ ತನ್ನ ಕೈಯಾರೆ ಹಸನು ಮಾಡಿದ್ದಳು. ಆಕೆಗಿದ್ದದ್ದು ಅದೊಂದೇ.

"ಇದೆಂಥ ದಾಳಿ ಸ್ವಾಮಿ?" ಅಂದಳು ಹೊನ್ನೀರಮ್ಮ.

"ದಾಳಿಯಲ್ಲ ತಾಯಿ, ನೆಂಟಸ್ತನ. ನಿಮ್ಮ ದೊರೆಯೇ ಬನ್ನಿ ಅಂದಿದ್ದಾರೆ" ಅಂದ ಮಾರನಾಯಕ.

"ಬಂದ ನೆಂಟರು ಹೋಗೋದು ಯಾವಾಗ?"

"ಆ ಮಾತು ಆಗಲಿಲ್ಲ."

ಮುದಿ ರಾಜ ಸುತ್ತಲ ಏಳು ರಾಜ್ಯಗಳಿಗೆ ದೂರು ಕಳಿಸಿದ. ಏಳು ರಾಜರೂ ಬಂದು ಏರಿಯ ಮೇಲೆ ಪಂಚಾಯಿತಿ ಕೂತರಂತೆ. ಒಬ್ಬನಿಗೆ ಮಾರನಾಯಕನ ಕುದುರೆ ಬೇಕಿತ್ತು. ಒಬ್ಬನಿಗೆ ಅವನ ಮಗಳು ಸೊಸೆಯಾಗಿ ಬೇಕಿದ್ದಳು. ಉಳಿದವರಿಗೆ ಅವನ ಭಯವಿತ್ತು. ತೊವ್ವೆ ಅನ್ನ ಉಂಡು, ಎಲೆ ಅಡಿಕೆ ಹಾಕಿಕೊಂಡು, ಬಹಳ ಯೋಚನೆ ಮಾಡಿ ತೀರ್ಪು ಹೇಳಿದರು: "ಬಂದದ್ದು ತಪ್ಪಿರಬಹುದು. ಬನ್ನಿ ಅಂದದ್ದೂ ನಿಜ. ಇಬ್ಬರೂ ಹೊಂದಿಕೊಂಡು ಹೋಗಿ."

ಆಮೇಲೆ ಎದ್ದು, ಮಾರನಾಯಕನಿಗೆ ಕೈ ಮುಗಿದು, "ಬರ್ತೀವಿ" ಅಂದರು.

"ಬನ್ನಿ, ಬನ್ನಿ" ಅಂದುಬಿಟ್ಟ ಮಾರನಾಯಕ. ಬಾಯಿ ಅಭ್ಯಾಸ.

ಆನೆ ತುಳಿದ ಗಿಡಗಳನ್ನು ನೆಟ್ಟಗೆ ನಿಲ್ಲಿಸುತ್ತಿದ್ದ ಹೊನ್ನೀರಮ್ಮ ತಲೆ ಎತ್ತಿದಳು. "ಕೇಳಿಸ್ತಾ ಅಪ್ಪಗಳಿರಾ? ಹುಲಿಗುಡ್ಡದ ದೊರೆ ನಿಮ್ಮನ್ನ ಕರೆದರು. ಅದೂ ಎರಡು ಸಲ. ಅವರ ದಂಡೆಲ್ಲ ಇಲ್ಲೇ ಇದೆ. ಊರು ಖಾಲಿ."

ಏಳು ರಾಜರು ಒಬ್ಬರ ಮುಖ ಒಬ್ಬರು ನೋಡಿಕೊಂಡರಂತೆ. ಆಮೇಲೆ ಎಲ್ಲರೂ ಒಟ್ಟಿಗೆ ಹುಲಿಗುಡ್ಡದ ಕಡೆ ನೋಡಿದರಂತೆ.

ಅವರು ಬಾಯಲ್ಲಿದ್ದ ಎಲೆ ಅಡಿಕೆ ಉಗುಳುವುದರೊಳಗೆ ಮಾರನಾಯಕ ಡೇರೆ ಕೀಳಿಸಿದ. ಹೊರಡುವಾಗ "ಬರ್" ಅಂದವನು ನಾಲಿಗೆ ಕಚ್ಚಿಕೊಂಡು, "ಹೋಗ್ತೀನಿ" ಅಂದ. ಒಳ್ಳೆಯದು ಬಯಸುವವರು ಯಾರೂ ಹಾಗೆ ಅನ್ನುವುದಿಲ್ಲ.

"ಹೋಗಪ್ಪ" ಅಂದಳು ಹೊನ್ನೀರಮ್ಮ.

ಬದನೆ ಮತ್ತೆ ಚಿಗುರಿತು. ಆನೆ ಲದ್ದಿ ಬಿದ್ದ ನೆಲ, ಚೆನ್ನಾಗಿಯೇ ಚಿಗುರಿತು. ಹುಲಿಗುಡ್ಡದಲ್ಲಿ ಬೇಳೆ ಇವತ್ತಿಗೂ ಬೆಂದಿಲ್ಲವಂತೆ. ಅವರ ಬೇಳೆ ಅಲ್ಲಿ, ನಮ್ಮ ಸಾರು ಇಲ್ಲಿ. ನೀವಿನ್ನು ಹೋಗಿ ಬನ್ನಿ, ದಂಡು ಬಿಟ್ಟು.