ವೈರ್‌ಲೆಸ್ ಕಾರ್ಡಿಗೆ ಎರಡು ವೈರು

"ದೊರೆಯ ಮನೆಗೆ ಬರುವುದೆಲ್ಲ ದೊಡ್ಡದಾಗಿಯೇ ಇರಬೇಕು!" ಎಂದು ಕೆಂಗೋಟೆಯ ಚಿಕ್ಕರಂಗಪ್ಪ ನಾಯಕರು ಮೀಸೆ ತಿರುವಿದರು. "ನಮ್ಮಜ್ಜನ ಕತ್ತಿ ಎತ್ತಲು ಇಬ್ಬರು ಬೇಕಿತ್ತು. ನಮ್ಮ ಬಚ್ಚಲ ಹಂಡೆಗೆ ಹನ್ನೆರಡು ಕೊಡ ನೀರು ಬೇಕು. ಲ್ಯಾಪ್‌ಟಾಪಿಗೆ ಹೊಸದಾಗಿ ಹಾಕುವ, ನೆಟ್ ಹಿಡಿಯುವ ವೈರ್‌ಲೆಸ್ ಕಾರ್ಡೂ ಅಷ್ಟೆ, ಸಿಗುವುದರಲ್ಲೆಲ್ಲ ದೊಡ್ಡದಿರಬೇಕು!"

ಕಂಬದ ಹಜಾರದಲ್ಲಿ ಕೂತಿದ್ದ ಏಳೆಂಟು ಮಂದಿ ತಲೆಯಾಡಿಸಿದರು. ಅವರು ದಿನಾ ಬೆಳಿಗ್ಗೆ ಬರುತ್ತಿದ್ದುದೇ ಅದಕ್ಕೆ. ತಲೆಯಾಡಿಸಿದ ಮೇಲೆ ಕಾಫಿ ಬರುತ್ತಿತ್ತು. ಊರಿನವರು ಇದನ್ನು ಈಗಲೂ ದರ್ಬಾರು ಎನ್ನುತ್ತಿದ್ದರು, ನಾಯಕರನ್ನು ದೊರೆ ಎನ್ನುತ್ತಿದ್ದರು.

ಆಡದ ತಲೆ ಓಬಯ್ಯನದೊಂದೇ. ಅರಮನೆಯ ಹೆಬ್ಬಾಗಿಲ ಪಕ್ಕದ ಕೋಣೆಯಲ್ಲಿ ಅವನ ಮೊಬೈಲ್ ರಿಪೇರಿ ಅಂಗಡಿ. ಹತ್ತೊಂಬತ್ತು ವರ್ಷದಿಂದ ಅಲ್ಲೇ ಅವನ ಅನ್ನ.

ದೊರೆಗೆ ಕಾರ್ಡಿನ ಚಿಂತೆ ಹತ್ತಿದ್ದು ಹಿಂದಿನ ಭಾನುವಾರ. ಹಳೆಯ ಸಂಸ್ಥಾನದವರೆಲ್ಲ ವಿಡಿಯೋದಲ್ಲಿ ಸಭೆ ಸೇರಿದ್ದರು. ದೊರೆ "ನಮ್ಮ ವಂಶದ ಶೌರ್ಯ" ಎಂದು ಶುರುಮಾಡಿದರು. ನೆಟ್ ತುಂಡುತುಂಡಾಗಿ ಅಲ್ಲಿದ್ದವರಿಗೆ ಕೇಳಿಸಿದ್ದು "ಶೌ... ಶೌ..." ಅಷ್ಟೆ. ಯಾವುದೋ ಊರಿನ ರಾಣಿ, "ಏನು ನಾಯಕರೇ, ನಾಯಿ ಓಡಿಸುತ್ತಿದ್ದೀರಾ?" ಎಂದು ಕೇಳಿಯೇ ಬಿಟ್ಟಿದ್ದರು.

"ಪ್ರಭುಗಳು ಚಿಂತೆ ಬಿಡಬೇಕು," ಎಂದರು ದಿವಾನ ವಾಮನರಾಯರು. ಅಳಿಯನ ಅಂಗಡಿಯಿಂದ ತಂದ ಡಬ್ಬ ಬಿಚ್ಚಿದರು. ಒಳಗೆ ಗೇಣುದ್ದದ ಕಾರ್ಡು, ಅದಕ್ಕೆ ಕೊಂಬಿನಂಥ ನಾಲ್ಕು ಆಂಟೆನಾ. ಹಜಾರದವರೆಲ್ಲ ಮತ್ತೊಮ್ಮೆ ತಲೆಯಾಡಿಸಿದರು.

ಓಬಯ್ಯ ಕಾರ್ಡನ್ನು ತಿರುಗಿಸಿ ನೋಡಿದ. "ಬುದ್ಧೀ, ಇದು ಮೇಜಿನ ಮೇಲಿಡುವ ದೊಡ್ಡ ಕಂಪ್ಯೂಟರಿಗೆ ಮಾಡಿದ್ದು. ಲ್ಯಾಪ್‌ಟಾಪಿನ ಹೊಟ್ಟೆಯಲ್ಲಿ ಕಾರ್ಡಿಗಿರುವುದು ಎರಡು ಬೆರಳಿನಷ್ಟು ಜಾಗ."

"ಕುಣಿಯಲಾರದವಳು ನೆಲ ಡೊಂಕು ಅಂದಳಂತೆ," ಎಂದು ದಿವಾನರು ನಕ್ಕರು.

ದೊರೆಯ ಹುಬ್ಬು ಮೇಲೇರಿತು. "ಓಬಯ್ಯ, ನಾಳೆ ಬೆಳಿಗ್ಗೆ ಮತ್ತೆ ಸಭೆಯಿದೆ. ಅಷ್ಟರೊಳಗೆ ಈ ಕಾರ್ಡು ನನ್ನ ಲ್ಯಾಪ್‌ಟಾಪಿನಲ್ಲಿ ಕೂರಬೇಕು. ಕೂರಲಿಲ್ಲವೋ, ಹೆಬ್ಬಾಗಿಲ ಕೋಣೆ ಖಾಲಿ ಮಾಡು. ವಾಮನರಾಯರ ಅಳಿಯ ಎಂದಿನಿಂದಲೋ ಕೇಳುತ್ತಿದ್ದಾನೆ."

ಈ ಕೊಂಬಿನ ಕಾರ್ಡು ಯಾಕೆ ಬಂತೆಂಬುದು ಓಬಯ್ಯನಿಗೆ ಈಗ ಗೊತ್ತಾಯಿತು. ಮುಖದಲ್ಲಿ ಮಾತ್ರ ಏನೂ ತೋರಗೊಡದೆ, "ಅಪ್ಪಣೆ ಬುದ್ಧೀ," ಎಂದು ಎದ್ದುಹೋದ.

ಮರುದಿನ ಅವನು ದರ್ಬಾರಿಗೆ ಬಂದದ್ದು ಲ್ಯಾಪ್‌ಟಾಪು ಹಿಡಿದುಕೊಂಡಲ್ಲ. ಅರಮನೆಯ ನಡುಮನೆಯಲ್ಲಿದ್ದ, ಲೋಲಕ ತೂಗುವ ದೊಡ್ಡ ಗೋಡೆ ಗಡಿಯಾರವನ್ನು ಎರಡೂ ಕೈಯಲ್ಲಿ ತಬ್ಬಿಕೊಂಡು ಬಂದ. ಹೆಗಲ ಮೇಲೆ ಬಾವಿಹಗ್ಗ. ನೇರ ಹೋಗಿ ದಿವಾನರ ಮುಂದೆ ಕೂತ.

"ರಾಯರೇ, ಸ್ವಲ್ಪ ಕೈ ಚಾಚಿ."

ಏನೆಂದು ತಿಳಿಯದೆ ದಿವಾನರು ಕೈ ಚಾಚಿದರು. ಓಬಯ್ಯ ಅವರ ಕೈಗಡಿಯಾರ ಬಿಚ್ಚಿ ಪಕ್ಕಕ್ಕಿಟ್ಟು, ಗೋಡೆ ಗಡಿಯಾರವನ್ನು ಮುಂಗೈಗೆ ಆನಿಸಿ ಹಗ್ಗ ಸುತ್ತತೊಡಗಿದ.

"ಅಯ್ಯಯ್ಯೋ! ಕೈ ಮುರಿಯುತ್ತದೆ ಕಣೋ!"

"ಏನೋ ಇದು ಹುಚ್ಚಾಟ?" ದೊರೆ ಗದರಿದರು.

"ಹುಚ್ಚಾಟವಲ್ಲ ಬುದ್ಧೀ. ಅರಮನೆಯ ದಿವಾನರು ಅಷ್ಟು ಪುಟ್ಟ ಗಡಿಯಾರ ಕಟ್ಟಿಕೊಂಡರೆ ತಮಗೆ ಶೋಭೆಯೇ? ಅದೂ ಗಡಿಯಾರ, ಇದೂ ಗಡಿಯಾರ. ಇದು ದೊಡ್ಡದು."

"ಮೂರ್ಖ! ಗೋಡೆಗೆ ಮಾಡಿದ್ದನ್ನು ಕೈಗೆ ಕಟ್ಟಲಾಗುತ್ತದೇನೋ?"

ಓಬಯ್ಯ ಹಗ್ಗ ಬಿಟ್ಟು ಕೈ ಮುಗಿದ. "ಈ ಮಾತನ್ನೇ ನಾನು ನಿನ್ನೆ ಹೇಳಿದ್ದು. ನನ್ನ ಬಾಯಲ್ಲಿ ಬಂದಾಗ ಅದು ನೆಲ ಡೊಂಕಾಯಿತು. ಪ್ರಭುಗಳ ಬಾಯಲ್ಲಿ ಬಂತು, ಈಗ ನ್ಯಾಯವಾಯಿತು."

ದೊರೆ ಕೊಂಬಿನ ಕಾರ್ಡನ್ನೊಮ್ಮೆ, ಗಡಿಯಾರವನ್ನೊಮ್ಮೆ ನೋಡಿದರು. "ಹಾಗಾದರೆ ಯಾವುದು ಸರಿ?"

ಓಬಯ್ಯ ಜೇಬಿನಿಂದ ಅಂಚೆಚೀಟಿಯಷ್ಟು ಪುಟ್ಟ ಕಾರ್ಡು ತೆಗೆದ. "ಇದು ಬುದ್ಧೀ. ಮೊದಲು ಲ್ಯಾಪ್‌ಟಾಪಿನಲ್ಲಿ ಎಷ್ಟು ಜಾಗವಿದೆ ಎಂದು ನೋಡಿದೆ. ಆಮೇಲೆ ಹಜಾರದ ವೈಫೈ ಡಬ್ಬಿಗೆ ಯಾವುದು ಹೊಂದುತ್ತದೆ ಎಂದು ನೋಡಿದೆ. ದೊಡ್ಡದು ಯಾವುದೆಂದು ಮಾತ್ರ ನೋಡಲಿಲ್ಲ."

ಎಲ್ಲರೆದುರೇ, ದೊರೆಯ ಮುಂದಿದ್ದ ಲ್ಯಾಪ್‌ಟಾಪಿನ ತಳ ಬಿಚ್ಚಿದ. ಹಳೆಯದನ್ನು ತೆಗೆದು ಹೊಸದನ್ನು ಕೂರಿಸಿದ. ಕೂದಲಿನಷ್ಟು ತೆಳುವಾದ ಎರಡು ಕರಿ ವೈರುಗಳನ್ನು ಅದರ ತಲೆಗೆ ಸಿಕ್ಕಿಸಿದ.

ಕೈ ಉಜ್ಜಿಕೊಳ್ಳುತ್ತಿದ್ದ ದಿವಾನರು ಚಂಗನೆ ಎದ್ದರು. "ಸಿಕ್ಕಿಬಿದ್ದ ಪ್ರಭೂ! ಹೆಸರು ವೈರ್‌ಲೆಸ್, ಒಳಗೆ ನೋಡಿದರೆ ವೈರು! ಒಂದಲ್ಲ, ಎರಡು! ಇದು ಮೋಸ!"

"ರಾಯರೇ, ಗಾಳಿಯಲ್ಲಿ ಬರುವ ನೆಟ್ ಹಿಡಿಯುವುದೇ ಈ ಎರಡು..."

"ಬಾಯ್ಮುಚ್ಚು! ವೈರಿರುವುದನ್ನು ವೈರ್‌ಲೆಸ್ ಅನ್ನುವುದು ಯಾವ ನ್ಯಾಯ?"

"ಹೌದಲ್ಲ!" ಎಂದರು ದೊರೆ. "ಹೇಳು ಓಬಯ್ಯ, ಯಾವ ನ್ಯಾಯ?"

ಓಬಯ್ಯ ಸ್ಕ್ರೂ ತಿರುಗಿಸುತ್ತಲೇ ಮೆಲ್ಲಗೆ ಹೇಳಿದ: "ಬುದ್ಧೀ, ರಾಜ್ಯವಿಲ್ಲದಿದ್ದರೂ ತಮ್ಮನ್ನು ದೊರೆ ಅನ್ನುತ್ತೇವೆ. ಬೊಕ್ಕಸವಿಲ್ಲದಿದ್ದರೂ ಇವರನ್ನು ದಿವಾನರು ಅನ್ನುತ್ತೇವೆ. ವೈರಿದ್ದರೂ ಈ ಬಡಪಾಯಿಯನ್ನು ವೈರ್‌ಲೆಸ್ ಅಂದರೆ, ಇದಕ್ಕೊಂದಕ್ಕೇ ಯಾಕೆ ಶಿಕ್ಷೆ?"

ಈ ಮಾತಿಗೆ ತಲೆಯಾಡಿಸಬೇಕೋ ಬೇಡವೋ ಎಂದು ಯಾರಿಗೂ ಗೊತ್ತಾಗಲಿಲ್ಲ. ಓಬಯ್ಯ ಮನಸ್ಸಿನಲ್ಲೇ ಅಂಗಡಿಯ ಸಾಮಾನು ಕಟ್ಟತೊಡಗಿದ.

ಮೊದಲು ಅಲುಗಿದ್ದು ದೊರೆಯ ಮೀಸೆ, ಆಮೇಲೆ ಹೊಟ್ಟೆ. ಕಣ್ಣಲ್ಲಿ ನೀರು ಬರುವವರೆಗೆ ಅವರು ನಕ್ಕರು. ಅವರು ನಕ್ಕರೆಂದು ಎಲ್ಲರೂ ನಕ್ಕರು. ದಿವಾನರೂ ನಗಲೇಬೇಕಾಯಿತು.

"ಲೋ ಓಬಯ್ಯ," ದೊರೆ ಕಣ್ಣೊರೆಸಿಕೊಂಡರು, "ನಾನಿರುವವರೆಗೆ ಆ ಕೋಣೆ ನಿನ್ನದು ಕಣೋ. ಆದರೆ ಸಭೆ ಶುರುವಾಗುವ ಹೊತ್ತು. ಈ ಮಾತು ಅಲ್ಲಿರುವ ರಾಜರಾಣಿಯರ ಕಿವಿಗೆ ಬೀಳದಿರಲಿ."

"ಬಿದ್ದರೇನು ಬುದ್ಧೀ?" ಓಬಯ್ಯ ಲ್ಯಾಪ್‌ಟಾಪನ್ನು ಅವರ ಮುಂದೆ ತೆರೆದಿಟ್ಟ. "ಅಲ್ಲಿರುವವರೂ ಇದೇ ಕಂಪನಿಯ ಕಾರ್ಡುಗಳೇ ಅಲ್ಲವೇ!"