ಮೊದಲನೇದು ಎಲ್ಲಿಗೆ ಹೋತು?

ಹೊಳೆದಂಡೆಯಲ್ಲೊಂದು ಹಳೆಯ ಛತ್ರ. ಛತ್ರದಲ್ಲೊಬ್ಬ ಗುರು. ಗುರುವಿನ ಮುಂದೆ ಚಾಪೆ ಹಾಸಿಕೊಂಡು ಕೂತ ಶಿಷ್ಯರು.

ಇಷ್ಟು ಕೇಳಿದರೆ ಮಂತ್ರಪಾಠ ನಡೆಯುತ್ತಿತ್ತು ಅಂದುಕೊಳ್ಳುತ್ತೀರಿ. ಇಲ್ಲ. ಅವರು ಕಲಿಯುತ್ತಿದ್ದದ್ದು ಕಂಪ್ಯೂಟರಿಗೆ ಪ್ರೋಗ್ರಾಮ್ ಬರೆಯುವುದನ್ನು.

ಗುರು ಚನ್ನಮಲ್ಲಯ್ಯನವರು ಅರ್ಧ ಆಯುಷ್ಯವನ್ನು ಇದೇ ಕೆಲಸದಲ್ಲಿ ಸವೆಸಿದವರು. ಶಿಷ್ಯರು ಅವರನ್ನು ಅಜ್ಜಾರು ಎನ್ನುತ್ತಿದ್ದರು. ಅಜ್ಜಾರದು ಮಾತು ಕಡಿಮೆ. ಶಿಷ್ಯರಿಗೆ ಮಾತೇ ಊಟ.

ಅಲ್ಲೊಂದು ಪದ್ಧತಿ ಇತ್ತು. ಯಾರ ತಪ್ಪಿನಿಂದ ಪ್ರೋಗ್ರಾಮ್ ನಿಂತುಹೋಗುತ್ತದೋ ಅವರು ಅವತ್ತು ಎಲ್ಲರ ಚಹಾದ ಕಪ್ಪು ತೊಳೆಯಬೇಕು. ಮೌನೇಶನ ಕೈ ಒಣಗಿದ್ದನ್ನು ನೋಡಿದವರೇ ಇಲ್ಲ.

"ಮೌನೇಶಾ, ತೊಳದು ತೊಳದು ಅಂಗೈಯಾಗಿನ ಗೆರಿ ಅಳಿಸಿ ಹೋಗ್ಯಾವೇನೋ?" ಎಂದು ಶಿವಗಂಗಾ ಕೆಣಕಿದಳು.

"ನಿನ್ನ ಪ್ರೋಗ್ರಾಮ್ ಎಂದೂ ನಿಲ್ಲಂಗಿಲ್ಲ ಬಿಡವಾ. ಅದು ಶುರು ಆದ್ರಲ್ಲ ನಿಲ್ಲಾಕ!"

"ಇಂಥಾ ಬಾಯಿಗೆ ಮೌನೇಶ ಅಂತ ಹೆಸರಿಟ್ಟವರನ್ನ ಹುಡುಕಾಕತ್ತೀನಿ ನಾನು."

ಅಜ್ಜಾರು ಮೂಲೆಯಲ್ಲಿ ಕೂತು ನಗುತ್ತಿದ್ದರು. ನಗೆಯಿಲ್ಲದ ಕಡೆ ಒಳ್ಳೆಯ ಪ್ರೋಗ್ರಾಮ್ ಹುಟ್ಟುವುದಿಲ್ಲ ಎಂಬುದು ಅವರ ನಂಬಿಕೆ. ನನ್ನದೂ ಅದೇ.

ಆ ಬೇಸಿಗೆಯಲ್ಲಿ ಶಿಷ್ಯರ ಕೈಯಲ್ಲಿ ಒಂದು ದೊಡ್ಡ ಕೆಲಸವಿತ್ತು. ಹೊಳೆ ಬತ್ತಿದಾಗ ಜನ ಒಳಗಿನ ಉಸುಕಿನಲ್ಲಿ ಸೌತೆ, ಕಲ್ಲಂಗಡಿ ಬೆಳೆಯುತ್ತಾರೆ. ಅಲ್ಲೇ ಗುಡಿಸಲು, ಅಲ್ಲೇ ಅಡುಗೆ, ಅಲ್ಲೇ ಮಕ್ಕಳ ಆಟ. ಮೇಲಿನ ಅಣೆಕಟ್ಟೆಯವರು ಗೇಟು ತೆಗೆದರೆ ನೀರು ಸದ್ದಿಲ್ಲದೆ ಬಂದು ಕಾಲು ಹಿಡಿಯುತ್ತದೆ. ಗೇಟು ತೆಗೆದ ಕೂಡಲೇ ಆ ಜನರ ಫೋನುಗಳಿಗೆಲ್ಲ ಸಂದೇಶ ಹೋಗಬೇಕು. ಆ ಪ್ರೋಗ್ರಾಮನ್ನು ಬರೆದವನು ಮೌನೇಶ.

ಅವನ ಪರದೆಯ ಮೇಲೆ ಎರಡು ವಿಂಡೋ ಇದ್ದವು. ಒಂದರ ಹೆಸರು 'ಪರೀಕ್ಷೆ'. ಅಲ್ಲಿಂದ ಕಳಿಸಿದ್ದು ಛತ್ರದವರ ಫೋನಿಗೆ ಮಾತ್ರ ಬರುತ್ತಿತ್ತು. ಇನ್ನೊಂದರ ಹೆಸರು 'ಹೊಳೆ'. ಅಲ್ಲಿಂದ ಕಳಿಸಿದ್ದು ಹೊಳೆಯೊಳಗಿನ ಜನಕ್ಕೆ.

"ಎರಡಕ್ಕೂ ಒಂದ ಬಣ್ಣ ಯಾಕೋ?" ಎಂದು ಅಜ್ಜಾರು ಒಮ್ಮೆ ಕೇಳಿದ್ದರು.

"ಚಂದ ಕಾಣತಾವ್ರಿ. ನನಗ ಯಾವುದು ಯಾವುದಂತ ಗೊತ್ತೈತ್ರಿ ಅಜ್ಜಾರ."

ಪರೀಕ್ಷೆಗೆ ಬರೇ 'ಪರೀಕ್ಷೆ' ಎಂದು ಬರೆದು ಕಳಿಸುವ ಜಾತಿಯವನಲ್ಲ ಮೌನೇಶ. ಒಂದು ದಿನ 'ಹೊಳಿ ಬಂತು, ಅತ್ತಿನ್ನ ಬಿಟ್ಟು ಉಳಿದವರನ್ನ ಕರ್ಕೊಂಡು ಓಡ್ರಿ' ಎಂದು ಬರೆದ. ಇನ್ನೊಂದು ದಿನ 'ನೀರು ಹೊಸ್ತಲಿಗೆ ಬಂದ್ರೂ ಶಿವಗಂಗಾ ಇನ್ನೂ ತಲಿ ಬಾಚಾಕತ್ತಾಳ' ಎಂದು ಬರೆದ. ಫೋನುಗಳು ಕಿಣಿಕಿಣಿ ಎಂದಾಗ ಛತ್ರಕ್ಕೆ ಛತ್ರವೇ ಹೊಟ್ಟೆ ಹಿಡಿದುಕೊಂಡು ನಗುತ್ತಿತ್ತು.

ಒಮ್ಮೊಮ್ಮೆ ಸಂದೇಶ ಬರುತ್ತಲೇ ಇರಲಿಲ್ಲ.

"ಮತ್ತೊಂದು ಸಲ ಒತ್ತೋ" ಎನ್ನುವಳು ಶಿವಗಂಗಾ.

ಅವನು ವಿಂಡೋ ಮುಚ್ಚಿ, ಮತ್ತೆ ತೆಗೆದು, ಒತ್ತುವನು. ಸಂದೇಶ ಬರುವುದು. ಪ್ರೋಗ್ರಾಮ್ ಬರೆಯುವವರಿಗೆಲ್ಲ ಈ ಮದ್ದು ಗೊತ್ತು. ಎರಡನೆಯ ಸಲಕ್ಕೆ ಸರಿಹೋದದ್ದನ್ನು ಯಾರೂ ಕೆದಕುವುದಿಲ್ಲ.

ಅಜ್ಜಾರು ಮಾತ್ರ ಒಂದು ಸಲ ಕೇಳಿದರು. "ಮೊದಲನೇದು ಎಲ್ಲಿಗೆ ಹೋತು?"

"ಗಾಳಿಗೆ ಹೋತ್ರಿ ಅಜ್ಜಾರ!"

ಎಲ್ಲರೂ ನಕ್ಕರು. ಅಜ್ಜಾರು ನಗಲಿಲ್ಲ. ಅದನ್ನು ಯಾರೂ ಗಮನಿಸಲಿಲ್ಲ.

ಒಂದು ದಿನ ಅಣೆಕಟ್ಟೆಯಿಂದ ಸುದ್ದಿ ಬಂತು. ನಾಳೆ ಮಧ್ಯಾಹ್ನ ಗೇಟು ತೆಗೆಯುತ್ತಾರಂತೆ.

"ನಾಳೆ ನಿನ್ನ ಸಂದೇಶ ನೋಡಿ ಒಬ್ಬರಾದ್ರೂ ಹೆದರ್ತಾರೇನೋ? ನಿನಗ ಬರೋದು ಬರೇ ಮಸ್ಕಿರಿ" ಎಂದಳು ಶಿವಗಂಗಾ.

ಮೌನೇಶನಿಗೆ ಚುರುಕ್ ಎಂದಿತು. "ಹೆದರಸ್ಲೇನು? ಈಗ ಫೋನ್ ಹಿಡ್ಕೊ. ಓದಿದ ಮ್ಯಾಲೆ ನಿನ್ನ ಎದಿ ನಿಂತ್ರ ನಾ ಹೊಣಿ ಅಲ್ಲ."

ಬರೆದ: 'ಗೇಟು ಒಡದೈತಿ! ಹೊಳಿ ಬಂತು! ಸೌತಿಕಾಯಿ ಬಿಡ್ರಿ, ಮಕ್ಕಳನ್ನ ಎತ್ಕೊಂಡು ಓಡ್ರಿ!' ಜಂಬದಿಂದ ಬೆರಳೆತ್ತಿ ಒತ್ತಿದ.

ಶಿವಗಂಗಾ ಫೋನ್ ನೋಡಿದಳು. ಏನೂ ಬರಲಿಲ್ಲ. ಯಾರ ಫೋನಿಗೂ ಬರಲಿಲ್ಲ.

"ನೋಡು, ನಿನ್ನ ಹೊಳಿ ಅರ್ಧ ದಾರ್ಯಾಗ ಬತ್ತಿತು. ಮತ್ತೊಂದು ಸಲ..." ಎನ್ನುತ್ತ ಅವಳು ಪರದೆಯ ಕಡೆ ಬಗ್ಗಿದಳು.

"ಮೌನೇಶಾ, ಮ್ಯಾಲೆ ನೋಡು. ಏನ್ ಬರದೈತಿ?"

ವಿಂಡೋದ ತಲೆಯ ಮೇಲೆ 'ಹೊಳೆ' ಎಂದು ಬರೆದಿತ್ತು.

ಮೌನೇಶ ಆ ಹೆಸರನ್ನು ಮತ್ತೆ ಮತ್ತೆ ಓದಿದ.

"ಸುಳ್ಳು ಅಂತ ಕಳಸೋ! ಲಗೂನ ಕಳಸು!" ಎಂದು ಶಿವಗಂಗಾ ಕೂಗಿದಳು. ಅವನು ಬರೆಯತೊಡಗಿದ.

ಅಜ್ಜಾರು ಎದ್ದು ಬಂದು ಅವನ ಕೈ ಹಿಡಿದರು.

"ಬ್ಯಾಡ. ಮೊದಲ ನೋಡೂಣ ನಡೀರಿ."

ಮೂವರೂ ಓಡಿದರು. ದಾರಿಯುದ್ದಕ್ಕೂ ಮೌನೇಶನ ಕಣ್ಣಿಗೆ ಕಟ್ಟಿದ್ದು ಇವೇ: ದಂಡೆಯ ಕಲ್ಲು ಹತ್ತಲಾರದೆ ಬೀಳುವ ಮುದುಕಿಯರು, ಕೈ ಬಿಟ್ಟುಹೋದ ಕೂಸು, ಉರಿಯುವ ಒಲೆ ಬಿಟ್ಟು ಓಡಿದ ಗುಡಿಸಲಿಗೆ ಬಿದ್ದ ಬೆಂಕಿ. 'ಶಿವನೇ, ಯಾರಿಗೂ ಏನೂ ಆಗದಿರಲಿ' ಎಂದು ಅವನು ಜೀವನದಲ್ಲಿ ಮೊದಲ ಸಲ ಮನಸ್ಸಿಟ್ಟು ಬೇಡಿಕೊಂಡ.

ದಂಡೆ ಬಂತು. ಅವನು ನಿಂತುಬಿಟ್ಟ.

ಯಾರೂ ಓಡಿರಲಿಲ್ಲ.

ಹೆಂಗಸರು ಬಳ್ಳಿಗೆ ನೀರು ಹಾಕುತ್ತಿದ್ದರು. ಒಬ್ಬ ಗಂಡಸು ಬುಟ್ಟಿಯನ್ನು ತಲೆದಿಂಬು ಮಾಡಿಕೊಂಡು ಮಲಗಿದ್ದ. ಮಕ್ಕಳು ಮಡುವಿನಲ್ಲಿ ನೀರೆರಚಾಡುತ್ತಿದ್ದರು.

ಮೌನೇಶ ದಂಡೆಯ ಮೇಲೆ ಕೂತು ನಗತೊಡಗಿದ. ಕಣ್ಣಲ್ಲಿ ನೀರು ಬರುತ್ತಿತ್ತು. "ಬಚಾವಾದ್ವಿ! ಅಜ್ಜಾರ, ಒಬ್ಬರೂ ಎದ್ದಿಲ್ರಿ! ಏನೂ ಆಗಿಲ್ಲ!"

ಅಜ್ಜಾರ ಮುಖ ನೋಡಿದ. ಅವರ ಮುಖ ಸುಣ್ಣದ ಗೋಡೆಯಂತೆ ಬೆಳ್ಳಗಾಗಿತ್ತು. ಅವರು ಹೆದರಿದ್ದನ್ನು ಶಿಷ್ಯರು ಅದುವರೆಗೆ ನೋಡಿಯೇ ಇರಲಿಲ್ಲ.

ಹತ್ತಿರದ ಸೌತೆಬಳ್ಳಿಯಿಂದ ಒಬ್ಬ ಹೆಂಗಸು ಸೊಂಟ ನೆಟ್ಟಗೆ ಮಾಡಿಕೊಂಡು ಎದ್ದಳು. ಹುಲಿಗೆವ್ವ. ದಂಡೆಯ ಮೇಲೆ ಛತ್ರದವರನ್ನು ಕಂಡು ಮುಖ ಅರಳಿಸಿದಳು.

"ಬರ್ರಿ, ಬರ್ರಿ. ಬಿಸಲಾಗ ಯಾಕ ನಿಂತೀರಿ? ಎಳೀ ಸೌತಿಕಾಯಿ ತಿನ್ರಿ."

"ಯಕ್ಕಾ, ಈಗ ಫೋನಿಗೆ ಏನರ ಬಂತೇನು?" ಎಂದು ಶಿವಗಂಗಾ ಕೇಳಿದಳು.

"ಬಂತಲ್ಲ! ಗೇಟು ಒಡದೈತಿ ಅಂತ. ನಮ್ಮ ಹುಡುಗಿ ಓದಿ ಹೇಳಿದ್ಲು. ಚೊಲೋ ಐತಿ. ಆದ್ರ ಅತ್ತೀದು ಇದಕ್ಕಿಂತ ಚೊಲೋ ಇತ್ತು ನೋಡವಾ. ನಮ್ಮತ್ತಿ ಅದನ್ನ ಕೇಳಿ ಎರಡು ದಿನ ನನ್ನ ಕೂಡ ಮಾತು ಬಿಟ್ಟಿದ್ಲು."

ಮೌನೇಶ ಎದ್ದು ನಿಂತ.

"ಯಾವ ಅತ್ತೀದು?"

"ಅದ, ಅತ್ತಿನ್ನ ಬಿಟ್ಟು ಓಡ್ರಿ ಅಂತ!" ಹುಲಿಗೆವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು. ಆಮೇಲೆ ಮೌನೇಶನ ಪಕ್ಕದ ಹುಡುಗಿಯನ್ನು ಮೇಲಿಂದ ಕೆಳಗೆ ನೋಡಿದಳು. "ಶಿವಗಂಗಾ ಅಂದ್ರ ನೀನ ಏನವಾ? ತಲಿ ಬಾಚೋದು ಮುಗೀತೇನು?"

ಶಿವಗಂಗಾಳ ಕೈ ತನ್ನಷ್ಟಕ್ಕೆ ತಲೆಗೆ ಹೋಯಿತು. ಅಲ್ಲೇ ನಿಂತಿತು.

ಬಾರದೆ ಹೋದ ಸಂದೇಶಗಳೆಲ್ಲ ಎಲ್ಲಿಗೆ ಬಂದಿದ್ದವೆಂದು ಇಬ್ಬರಿಗೂ ಒಟ್ಟಿಗೇ ತಿಳಿಯಿತು. ಶಿಷ್ಯರಲ್ಲಿ ಒಬ್ಬರೂ 'ಅದು ಎಲ್ಲಿಗೆ ಹೋತು' ಎಂದು ಕೇಳಿರಲಿಲ್ಲ. ಕೇಳಿದ ಒಬ್ಬರಿಗೆ ಸಿಕ್ಕ ಉತ್ತರ ಗಾಳಿ.

"ನಿಮ್ಮ ಮೆಸೇಜ್ ಬಂದ್ರ ಹೊತ್ತು ಹೋಗೋದು ಗೊತ್ತಾಗಂಗಿಲ್ಲ. ಮ್ಯಾಲಿನ ಗುಡಸಲದವರೂ ಕಾಯ್ಕೊಂಡು ಕುಂದರ್ತಾರ" ಎಂದಳು ಹುಲಿಗೆವ್ವ. ಅವಳ ದನಿಯಲ್ಲಿ ಬರೀ ಪ್ರೀತಿ. ಬೈದಿದ್ದರೆ ಮೌನೇಶ ತಡೆದುಕೊಳ್ಳುತ್ತಿದ್ದ.

"ಯಕ್ಕಾ," ಎಂದ ಮೌನೇಶ, "ನಾಳೆ ಖರೇನ ನೀರು ಬಿಡ್ತಾರ. ಗೇಟು ತೆಗೀತಾರ. ನಾಳೆ ಮೆಸೇಜ್ ಬಂದ ಕೂಡಲೇ ನೀವೆಲ್ಲ ಮ್ಯಾಲೆ ಹತ್ತಬೇಕು."

ಹುಲಿಗೆವ್ವ ಅವನನ್ನೇ ಒಂದು ಗಳಿಗೆ ನೋಡಿದಳು. ಆಮೇಲೆ ಹಿಂದಿನ ಗುಡಿಸಲಿನ ಕಡೆ ತಿರುಗಿ ಕೂಗಿದಳು.

"ಏ, ಬರ್ರೇ ಇಲ್ಲೆ! ಮೆಸೇಜ್ ಬರಿಯೋ ಹುಡುಗ ಬಂದಾನ! ಎದುರಿಗೂ ಹಂಗ ಹೇಳ್ತಾನ! ಮಾರಿ ನೋಡ್ರಿ, ಒಂಚೂರೂ ನಗಂಗಿಲ್ಲ!"

ಹೆಂಗಸರು ನಗುತ್ತ ಬಂದರು. ಮಕ್ಕಳು ಮಡುವಿನಿಂದ ಎದ್ದು ಬಂದು ಸುತ್ತ ನಿಂತವು.

"ಮತ್ತೊಂದ್ಸಲ ಹೇಳಪಾ" ಎಂದಿತು ಒಂದು ಕೂಸು.

ಮೌನೇಶ ಅಜ್ಜಾರ ಕಾಲು ಹಿಡಿದ.

"ಅಜ್ಜಾರ, ನೀವು ಒಂದು ಮಾತು ಹೇಳ್ರಿ. ನಿಮ್ಮ ಮಾತು ನಂಬ್ತಾರ."

"ನಾಳೀಗೆ ನಂಬ್ತಾರ. ನಾಡದ್ದು ನಾ ಇರಂಗಿಲ್ಲ, ನಿನ್ನ ಮೆಸೇಜ್ ಒಂದ ಬರತೈತಿ. ಆವಾಗ?"

ಮೌನೇಶ ಕಾಲು ಬಿಡಲಿಲ್ಲ.

"ನನ್ನ ಬೈರಿ ಅಜ್ಜಾರ. ಹೊಡೀರಿ. ಈ ಕೆಲಸದಿಂದ ತೆಗದು ಹಾಕ್ರಿ. ವರ್ಷಗಟ್ಲೆ ಕಪ್ಪು ತೊಳೀತೀನಿ."

ಅಜ್ಜಾರು ಬೈಯಲಿಲ್ಲ. ಚಪ್ಪಲಿ ಬಿಟ್ಟು, ದಂಡೆಯಿಂದ ಉಸುಕಿಗಿಳಿದರು. ಹುಲಿಗೆವ್ವನ ಗುಡಿಸಲಿನ ನೆರಳಿಗೆ ಹೋಗಿ ಚಕ್ಕಳ ಮಕ್ಕಳ ಹಾಕಿ ಕೂತರು.

"ಯವ್ವಾ, ಇವತ್ತು ನಿಮ್ಮಲ್ಲಿ ಒಂದು ರೊಟ್ಟಿ ಸಿಗತೈತೇನು?"

"ಅಯ್ಯ, ಅದೇನ್ ಕೇಳ್ತೀರಿ ಅಜ್ಜಾರ! ನಾಳೀನೂ ಇರ್ರಿ."

"ಇರ್ತೀನಿ."

"ಅಜ್ಜಾರ!" ಮೌನೇಶ ಚೀರಿದ. "ಏಳ್ರಿ, ಹುಡುಗಾಟ ಅಲ್ರಿ ಇದು! ನಾಳೆ ಮಧ್ಯಾಹ್ನ ಇಲ್ಲೆ ಆಳುದ್ದ ನೀರು ಬರತೈತಿ!"

ಅದನ್ನು ಕೇಳಿ ಮಕ್ಕಳು ಚಪ್ಪಾಳೆ ತಟ್ಟಿದವು.

ಅಜ್ಜಾರು ಹುಲಿಗೆವ್ವ ಕೊಟ್ಟ ಸೌತೆಕಾಯಿ ಮುರಿದು ಅರ್ಧವನ್ನು ಹತ್ತಿರ ನಿಂತ ಕೂಸಿನ ಕೈಗಿಟ್ಟರು. ಜೇಬಿನಿಂದ ಫೋನ್ ತೆಗೆದು ಮುಂದೆ ಉಸುಕಿನ ಮೇಲಿಟ್ಟುಕೊಂಡರು.

"ನನ್ನ ನಂಬರನ್ನ ಪರೀಕ್ಷಾದಿಂದ ತಗದು ಹೊಳಿಗೆ ಹಾಕು, ಮೌನೇಶಾ."

"ಅಜ್ಜಾರ, ಬ್ಯಾಡ್ರಿ. ಕೈ ಮುಗೀತೀನಿ."

"ನಾಳೆ ಮಧ್ಯಾಹ್ನದ ತನಕ ಹೊತ್ತೈತಿ. ಗುಡಸಲ ಭಾಳ ಅದಾವು, ಒಂದೊಂದಕ್ಕೂ ಹೋಗಿ ಖರೇ ಹೇಳಬೇಕು. ನಡಿಯಾಕ ಶುರು ಮಾಡು."

"ಅವರು ನಂಬಲಿಲ್ಲಂದ್ರ? ನಿಮಗ ಖರೆ ಗೊತ್ತೈತಿ. ನೀವರ ಮೊದಲ ಎದ್ದು ಬರ್ರಿ ಅಜ್ಜಾರ!"

ಅಜ್ಜಾರು ತಲೆಯೆತ್ತಿ ನೋಡಿದರು. ಹುಲಿಗೆವ್ವ ಆಗಲೇ ಮತ್ತೆ ಬಳ್ಳಿಗೆ ಬಗ್ಗಿದ್ದಳು, ಇನ್ನೂ ತನ್ನಷ್ಟಕ್ಕೆ ನಗುತ್ತಿದ್ದಳು.

"ಆಕಿ ಎದ್ದಾಗ ನಾನೂ ಏಳ್ತೀನಿ."